ಯಂತ್ರಗಳಿಗೂ ಒಂದು ಜಾತಕವಿರಲಿ

ರೇಡಿಯೋ ಇಟ್ಟುಕೊಳ್ಳುವುದಕ್ಕೂ ಸರಕಾರದ ಪರವಾನಗಿ ಬೇಕಾಗಿದ್ದ ಕಾಲವೊಂದಿತ್ತು. ವರ್ಷ ವರ್ಷವೂ ಅಂಚೆ ಕಚೇರಿಗೆ ಹೋಗಿ ಶುಲ್ಕ ತೆತ್ತು, ಪುಟ್ಟ ಪುಸ್ತಕವೊಂದರಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕಾಗಿತ್ತು. 1980ರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. ಕುಂದಾಪುರದ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ನನ್ನ ತಂದೆಯವರು ಮಾತ್ರ ಆ ಪುಸ್ತಕವನ್ನು ಎಸೆಯಲಿಲ್ಲ. ಅದರ ಹಿಂಬದಿಯ ರಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ರೇಡಿಯೋ, ಹೊಲಿಗೆ ಯಂತ್ರ, ಸೀಲಿಂಗ್ ಫ್ಯಾನು, ಸೈಕಲು – ಇವುಗಳ ಸಂಖ್ಯೆಗಳನ್ನೆಲ್ಲ ಸಾಲಾಗಿ ಬರೆದಿಟ್ಟಿದ್ದರು. ಬಾಲ್ಯದಲ್ಲಿ ನಮಗೆ ಅದು ನಗುವಿನ ವಸ್ತುವಾಗಿತ್ತು. “ಮನುಷ್ಯನಿಗೆ ಜಾತಕ ಇದ್ದ ಹಾಗೆ ಯಂತ್ರಕ್ಕೆ ನಂಬರು” ಎಂದು ಅವರು ಹೇಳುತ್ತಿದ್ದರು. ಆ ಮಾತಿನ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ.

ಕೆಲವು ವರ್ಷಗಳ ಹಿಂದಿನ ಒಂದು ಸಂಜೆ. ಫೋರ್ಟಿನ ಬ್ಯಾಂಕಿನಿಂದ ಡೊಂಬಿವಲಿಯ ಮನೆಗೆ ಮರಳುತ್ತಿದ್ದೆ. ಲೋಕಲ್ ಗಾಡಿಯ ಬಾಗಿಲ ಬಳಿ ನಿಂತು ಫೋನಿನಲ್ಲಿ ಏನನ್ನೋ ಓದುತ್ತಿದ್ದಾಗ ಗಾಡಿಯ ವೇಗ ತಗ್ಗಿತು. ಹಳಿಯ ಪಕ್ಕದಿಂದ ಯಾರೋ ಕೋಲಿನಿಂದ ನನ್ನ ಕೈಗೆ ಬಲವಾಗಿ ಹೊಡೆದರು. ಫೋನು ಕೆಳಗೆ ಬಿತ್ತು, ಗಾಡಿ ಮುಂದೆ ಹೋಯಿತು. ಮುಂಬಯಿಗರು ‘ಫಟ್ಕಾ’ ಎಂದು ಕರೆಯುವುದು ಇದನ್ನೇ. ತಂದೆಯವರ ಔಷಧಿಗಳ ಪಟ್ಟಿ, ಅವರ ಇ.ಸಿ.ಜಿ.ಯ ಚಿತ್ರ, ವೈದ್ಯರ ಚೀಟಿಗಳು ಎಲ್ಲವೂ ಅದರಲ್ಲಿಯೇ ಇದ್ದವು.

ಕೆಲವು ತಿಂಗಳ ತರುವಾಯ, ಕಳವಾದ ಫೋನುಗಳು ಅನೇಕ ಪತ್ತೆಯಾಗಿವೆಯೆಂದು ತಿಳಿದು ಪೊಲೀಸ್ ಠಾಣೆಗೆ ಹೋದೆ. ಮೇಜಿನ ಮೇಲೆ ನನ್ನದರಂತೆಯೇ ಕಾಣುವ ನೀಲಿ ಬಣ್ಣದ ಫೋನುಗಳು ಮೂರಿದ್ದವು. ಮೂರರ ಗಾಜೂ ಒಡೆದಿತ್ತು. “ಸಾಹೇಬ್, ನಂಬರ್ ಸಾಂಗಾ” ಎಂದರು ಅಧಿಕಾರಿ. ನಾನು ಬಣ್ಣ ಹೇಳಿದೆ, ಕಂಪನಿ ಹೇಳಿದೆ, ಕೊಂಡ ತಿಂಗಳು ಹೇಳಿದೆ. ಸಂಖ್ಯೆ ಹೇಳಲಾಗಲಿಲ್ಲ. ಪೆಟ್ಟಿಗೆ ರದ್ದಿಗೆ ಹೋಗಿತ್ತು. ರಸೀತಿ ಎಲ್ಲಿಯೋ ಕಳೆದಿತ್ತು. “ಚೆಕ್ಕಿನ ಬಣ್ಣ ಹೇಳಿದರೆ ನಿಮ್ಮ ಬ್ಯಾಂಕು ಹಣ ಕೊಡುತ್ತದೆಯೇ?” ಎಂದು ಅವರು ಸೌಮ್ಯವಾಗಿಯೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ದಿನವಿಡೀ ಚೆಕ್ಕು, ಡ್ರಾಫ್ಟು, ಠೇವಣಿ ರಸೀತಿಗಳ ಸಂಖ್ಯೆಗಳನ್ನು ತಾಳೆ ನೋಡುವ ನಾನು ನನ್ನ ಸ್ವಂತ ವಸ್ತುವಿನ ಸಂಖ್ಯೆಯನ್ನು ಒಮ್ಮೆಯೂ ನೋಡಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಅಂದು ರಾತ್ರಿ ಕುಳಿತು ಮನೆಯ ಯಂತ್ರಗಳ ಪಟ್ಟಿ ಮಾಡಿದೆ. ಆ ಅನುಭವವನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಸಂಖ್ಯೆಯ ಅರ್ಥ

ರಸೀತಿಯು ನೀವು ಒಂದು ಫೋನನ್ನು ಕೊಂಡಿರೆಂದು ಹೇಳುತ್ತದೆ. ಸಂಖ್ಯೆಯು ಇದೇ ಫೋನನ್ನು ಕೊಂಡಿರೆಂದು ಹೇಳುತ್ತದೆ. ಇಷ್ಟೇ ವ್ಯತ್ಯಾಸ, ಆದರೆ ಸರ್ವಸ್ವವೂ ಇದರಲ್ಲಿಯೇ ಇದೆ. ಯಂತ್ರದ ಮೇಲಿನ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆಗಳಿರುತ್ತವೆ. ಮಾಡೆಲ್ ಸಂಖ್ಯೆಯು ಆ ಮಾದರಿಯ ಎಲ್ಲ ಯಂತ್ರಗಳಿಗೂ ಒಂದೇ. ಅದು ಮನೆತನದ ಹೆಸರಿದ್ದಂತೆ. ಸೀರಿಯಲ್ ಸಂಖ್ಯೆ ಅಥವಾ ಕ್ರಮಸಂಖ್ಯೆಯು ಪ್ರತಿಯೊಂದಕ್ಕೂ ಬೇರೆ. ಅನೇಕರು ಮೊದಲನೆಯದನ್ನು ಬರೆದಿಟ್ಟು ಸಮಾಧಾನಪಟ್ಟುಕೊಳ್ಳುತ್ತಾರೆ. ಬೇಕಾದದ್ದು ಎರಡೂ.

ಮೊಬೈಲ್ ಫೋನಿಗೆ ಕ್ರಮಸಂಖ್ಯೆಯ ಜೊತೆಗೆ ಐ.ಎಂ.ಇ.ಐ. ಎಂಬ 15 ಅಂಕೆಗಳ ಸಂಖ್ಯೆಯಿದೆ. ಅದರ ಮೊದಲ 8 ಅಂಕೆಗಳು ಫೋನಿನ ಮಾದರಿಯನ್ನು, ಮುಂದಿನ 6 ಅಂಕೆಗಳು ಆ ಒಂದು ಫೋನನ್ನು ಸೂಚಿಸುತ್ತವೆ. ಕೊನೆಯದು ತಾಳೆ ನೋಡುವ ಅಂಕೆ. ಹಿಂದಿನ 14 ಅಂಕೆಗಳಿಂದ ಒಂದು ನಿಯಮದ ಪ್ರಕಾರ ಅದನ್ನು ಲೆಕ್ಕ ಹಾಕಿರುವುದರಿಂದ, ಬರೆಯುವಾಗ ಒಂದು ಅಂಕೆ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ನಮ್ಮ ಬ್ಯಾಂಕಿನ ಡೆಬಿಟ್ ಕಾರ್ಡುಗಳ ಕೊನೆಯ ಅಂಕೆಯೂ ಇದೇ ನಿಯಮದಿಂದ ಬಂದದ್ದು. ಎರಡು ಸಿಮ್ ಹಾಕುವ ಫೋನಿಗೆ ಇಂತಹ ಎರಡು ಸಂಖ್ಯೆಗಳಿರುತ್ತವೆ, ಎರಡನ್ನೂ ಬರೆದಿಡಬೇಕು.

ಎಲ್ಲಿ ಹುಡುಕಬೇಕು?

ಫೋನಿನಲ್ಲಿ ಕರೆ ಮಾಡುವಂತೆ *#06# ಎಂದು ಒತ್ತಿದರೆ ಸಂಖ್ಯೆ ಪರದೆಯ ಮೇಲೆ ತಾನಾಗಿ ಮೂಡುತ್ತದೆ. ಸೆಟ್ಟಿಂಗ್ಸಿನಲ್ಲಿ ಫೋನಿನ ವಿವರಗಳ ವಿಭಾಗದಲ್ಲಿಯೂ, ಪೆಟ್ಟಿಗೆಯ ಚೀಟಿಯ ಮೇಲೂ, ಹಲವು ವೇಳೆ ಅಂಗಡಿಯ ರಸೀತಿಯಲ್ಲಿಯೂ ಅದು ಇರುತ್ತದೆ. ಬ್ಯಾಟರಿ ತೆಗೆಯಬಹುದಾದ ಹಳೆಯ ಫೋನುಗಳಲ್ಲಿ ಬ್ಯಾಟರಿಯ ಕೆಳಗೆ ನೋಡಬೇಕು.

ಲ್ಯಾಪ್‌ಟಾಪಿನ ಸಂಖ್ಯೆ ಅದರ ತಳಭಾಗದಲ್ಲಿ, ದೂರದರ್ಶನದ್ದು ಬೆನ್ನಿನಲ್ಲಿ, ಮಿಕ್ಸರಿನದು ಬುಡದಲ್ಲಿ ಇರುತ್ತದೆ. ಫ್ರಿಜ್ಜಿನ ಚೀಟಿ ಸಾಮಾನ್ಯವಾಗಿ ಒಳಗಿನ ಗೋಡೆಯ ಮೇಲೆ ಅಥವಾ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ್ದು ಬಾಗಿಲಿನ ಅಂಚಿನಲ್ಲಿ ಅಥವಾ ಬೆನ್ನಿನಲ್ಲಿ ಸಿಗುತ್ತದೆ. ಹವಾನಿಯಂತ್ರಕಕ್ಕೆ ಒಳಗಿನ ಭಾಗಕ್ಕೊಂದು, ಹೊರಗಿನ ಭಾಗಕ್ಕೊಂದು, ಹೀಗೆ ಎರಡು ಸಂಖ್ಯೆಗಳು. ಗೋಡೆಗೆ ತೂಗುಹಾಕುವ ಟಿ.ವಿ., ಕಿಟಕಿಯ ಹೊರಗೆ ಕೂರಿಸುವ ಹವಾನಿಯಂತ್ರಕ ಇವುಗಳ ಸಂಖ್ಯೆಯನ್ನು ಜೋಡಿಸುವ ಮುನ್ನವೇ ಬರೆದುಕೊಳ್ಳುವುದು ಜಾಣತನ. ಐದನೆಯ ಮಹಡಿಯ ಕಿಟಕಿಯಿಂದ ಬಗ್ಗಿ ನೋಡುವ ಸಾಹಸ ಯಾರಿಗೂ ಬೇಡ.

ಚೀಟಿಯ ಅಕ್ಷರಗಳು ಬಹಳ ಸಣ್ಣವು. ಫೋನಿನ ಕ್ಯಾಮೆರಾದಿಂದ ಚಿತ್ರ ತೆಗೆದು ಅದನ್ನು ದೊಡ್ಡದು ಮಾಡಿ ಓದಬಹುದು. ಸೊನ್ನೆಗೂ ಇಂಗ್ಲಿಷಿನ ‘ಓ’ ಅಕ್ಷರಕ್ಕೂ, ಒಂದಕ್ಕೂ ‘ಐ’ ಅಕ್ಷರಕ್ಕೂ ಗೊಂದಲವಾಗುವುದುಂಟು. ಬ್ಯಾಂಕಿನ ಹಳೆಯ ಲೆಡ್ಜರುಗಳ ಕಾಲದಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಟಿಕ್ ಹಾಕುತ್ತಿದ್ದರು. ಮನೆಯಲ್ಲಿಯೂ ಅದೇ ಕ್ರಮ ಒಳ್ಳೆಯದು. ಮಕ್ಕಳು ಈ ಕೆಲಸವನ್ನು ಉತ್ಸಾಹದಿಂದ ಮಾಡುತ್ತಾರೆ.

ಆರೋಗ್ಯದ ಯಂತ್ರಗಳು

ಆರೋಗ್ಯ ಲೇಖನಗಳ ನಡುವೆ ಇದೇಕೆಂದು ಯಾರಾದರೂ ಕೇಳಬಹುದು. ರಕ್ತದೊತ್ತಡ ಅಳೆಯುವ ಯಂತ್ರ, ಸಕ್ಕರೆ ಪರೀಕ್ಷಿಸುವ ಗ್ಲುಕೋಮೀಟರ್, ಶ್ರವಣಯಂತ್ರ ಇವು ಈಗ ನಮ್ಮ ಮನೆಗಳಲ್ಲಿ ಸಾಮಾನ್ಯ. ಕಳವಿನ ಭಯಕ್ಕಿಂತ ಬೇರೆಯೇ ಆದ ಕಾರಣಕ್ಕೆ ಇವುಗಳ ಸಂಖ್ಯೆ ಬೇಕು. 2021ರ ಜೂನಿನಲ್ಲಿ ಫಿಲಿಪ್ಸ್ ಕಂಪನಿಯು, ನಿದ್ರೆಯಲ್ಲಿ ಉಸಿರುಕಟ್ಟುವವರು ಬಳಸುವ ಸಿಪ್ಯಾಪ್ ಮತ್ತು ಬೈಪ್ಯಾಪ್ ಯಂತ್ರಗಳನ್ನು ಜಗತ್ತಿನಾದ್ಯಂತ ಬಹು ದೊಡ್ಡ ಪ್ರಮಾಣದಲ್ಲಿ ಹಿಂದಕ್ಕೆ ಕರೆಯಿತು. ಶಬ್ದ ತಗ್ಗಿಸಲು ಒಳಗೆ ಹಾಕಿದ್ದ ಫೋಮು ಶಿಥಿಲವಾಗಿ, ಅದರ ಕಣಗಳು ಉಸಿರಿನೊಡನೆ ದೇಹ ಸೇರುವ ಅಪಾಯ ಕಂಡುಬಂದಿತ್ತು. ತಮ್ಮ ಯಂತ್ರ ಆ ಪೈಕಿಯದೇ ಎಂದು ತಿಳಿಯಲು ಬಳಕೆದಾರರು ಕ್ರಮಸಂಖ್ಯೆಯನ್ನು ಕೊಟ್ಟು ನೋಂದಾಯಿಸಬೇಕಾಗಿತ್ತು.

ಶ್ರವಣಯಂತ್ರ ಎರಡು ಕಿವಿಗಳಿಗಿದ್ದರೆ ಎರಡರ ಸಂಖ್ಯೆಯೂ ಬೇರೆ. ಎದೆಯೊಳಗೆ ಪೇಸ್‌ಮೇಕರ್ ಇರಿಸಿಕೊಂಡವರಿಗೆ ಆಸ್ಪತ್ರೆಯವರು ಒಂದು ಗುರುತಿನ ಚೀಟಿ ಕೊಡುತ್ತಾರೆ. ಯಂತ್ರದ ಮಾಡೆಲ್, ಕ್ರಮಸಂಖ್ಯೆ, ಅಳವಡಿಸಿದ ದಿನಾಂಕ ಅದರಲ್ಲಿರುತ್ತವೆ. ಎಲ್ಲ ಪೇಸ್‌ಮೇಕರುಗಳೂ ಎಂ.ಆರ್.ಐ. ಪರೀಕ್ಷೆಗೆ ಹೊಂದುವಂಥವಲ್ಲ, ಆದ್ದರಿಂದ ಪರೀಕ್ಷೆಗೆ ಮುನ್ನ ವೈದ್ಯರು ಕೇಳುವ ಮೊದಲ ಪ್ರಶ್ನೆ ಯಂತ್ರ ಯಾವುದೆಂಬುದು. ನನ್ನ ತಂದೆಯವರಿಗೂ ಈಗ ಪೇಸ್‌ಮೇಕರ್ ಇದೆ. ಆ ಚೀಟಿ ಅವರ ಅಂಗಿಯ ಜೇಬಿನಲ್ಲಿ ಸದಾ ಇರುತ್ತದೆ. ಅದರ ಸಂಖ್ಯೆಯನ್ನು ಹಳೆಯ ರೇಡಿಯೋ ಪುಸ್ತಕದ ರಟ್ಟಿನ ಮೇಲೆಯೂ ಅವರು ಬರೆದಿದ್ದಾರೆ, ಸೈಕಲಿನ ಸಂಖ್ಯೆಯ ಕೆಳಗೆ.

ಕಳೆದಾಗ ಏನು ಮಾಡಬೇಕು?

ಮೊದಲು ಬ್ಯಾಂಕಿಗೆ ಮತ್ತು ಸಿಮ್ ಕಂಪನಿಗೆ ತಿಳಿಸಿ ಖಾತೆಯ ಮೊಬೈಲ್ ವ್ಯವಹಾರವನ್ನೂ ಸಿಮ್ಮನ್ನೂ ನಿಲ್ಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅನಂತರ ಪೊಲೀಸ್ ದೂರು. ಘಟನೆ ಕುರ್ಲಾದಲ್ಲಿ ನಡೆಯಿತೋ ಘಾಟಕೋಪರದಲ್ಲಿ ನಡೆಯಿತೋ ಎಂಬ ಚಿಂತೆ ಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿದ್ದರೂ ಅದರ ಮಾಹಿತಿಯನ್ನು ಬೇರೆ ಠಾಣೆಯಲ್ಲಿಯೂ ಕೊಡಬಹುದು.

ಮೂರನೆಯ ಹೆಜ್ಜೆ ಫೋನನ್ನೇ ನಿರುಪಯುಕ್ತಗೊಳಿಸುವುದು. ಇದಕ್ಕಾಗಿ ದೂರಸಂಪರ್ಕ ಇಲಾಖೆಯು ಸಿ.ಇ.ಐ.ಆರ್. ಎಂಬ ಕೇಂದ್ರೀಯ ದಾಖಲೆಯನ್ನು ನಿರ್ಮಿಸಿದೆ. 2019ರ ಸೆಪ್ಟೆಂಬರಿನಲ್ಲಿ ಅದರ ಪ್ರಾಯೋಗಿಕ ಆರಂಭವಾದದ್ದು ನಮ್ಮ ಮುಂಬಯಿಯಲ್ಲಿಯೇ. 2023ರ ಮೇ ತಿಂಗಳಿನಿಂದ ‘ಸಂಚಾರ್ ಸಾಥಿ’ಯ ಮೂಲಕ ದೇಶಕ್ಕೆಲ್ಲ ಅದು ದೊರೆಯುತ್ತಿದೆ. ಹಳೆಯ ದೂರವಾಣಿ ಸಂಖ್ಯೆಗೇ ಹೊಸ ಸಿಮ್ ಪಡೆದು, ಪೊಲೀಸ್ ದೂರಿನ ಪ್ರತಿ ಮತ್ತು ಐ.ಎಂ.ಇ.ಐ. ಸಂಖ್ಯೆಯೊಡನೆ ಅರ್ಜಿ ಸಲ್ಲಿಸಿದರೆ ಆ ಫೋನು ದೇಶದ ಯಾವ ಕಂಪನಿಯ ಜಾಲದಲ್ಲಿಯೂ ನಡೆಯದಂತೆ ತಡೆಯಲಾಗುತ್ತದೆ. ಯಾರಾದರೂ ಬೇರೆ ಸಿಮ್ ಹಾಕಿ ಬಳಸಲು ಯತ್ನಿಸಿದರೆ ಪತ್ತೆಗೆ ದಾರಿಯಾಗುತ್ತದೆ. ಫೋನು ಮರಳಿ ಸಿಕ್ಕಿದಾಗ ತಡೆಯನ್ನು ತೆಗೆಸಬಹುದು. ಈ ಸಂಖ್ಯೆಯನ್ನು ತಿದ್ದುವುದು 2023ರ ದೂರಸಂಪರ್ಕ ಕಾಯಿದೆಯ ಪ್ರಕಾರ ಅಪರಾಧ. ಮೂರು ವರ್ಷಗಳವರೆಗೆ ಸೆರೆ, 50 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹಳೆಯ ಫೋನು ಕೊಳ್ಳುವವರು ಕೆ.ವೈ.ಎಂ. ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಜಾಗ ಬಿಟ್ಟು, ಐ.ಎಂ.ಇ.ಐ. ಸಂಖ್ಯೆ ಸೇರಿಸಿ 14422ಕ್ಕೆ ಸಂದೇಶ ಕಳುಹಿಸಿ ವಿಚಾರಿಸಬೇಕು. ಅಗ್ಗದ ಆಸೆಗೆ ಕಳವಿನ ಮಾಲನ್ನು ಕೊಂಡು ಠಾಣೆಯ ಮೆಟ್ಟಿಲು ಹತ್ತುವುದು ಗೌರವಸ್ಥರಿಗೆ ತಕ್ಕುದಲ್ಲ.

ಎಲ್ಲಿ ಇಡಬೇಕು?

ಫೋನಿನ ಸಂಖ್ಯೆಯನ್ನು ಅದೇ ಫೋನಿನಲ್ಲಿ ಇಡುವುದು ಲಾಕರಿನ ಕೀಲಿಯನ್ನು ಲಾಕರಿನೊಳಗೇ ಇಟ್ಟಂತೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ನೆಲಮಹಡಿಯ ಮನೆಗಳಲ್ಲಿ ಯಂತ್ರದೊಡನೆ ಅದರ ಕಾಗದಪತ್ರವೂ ನೀರುಪಾಲಾದುದನ್ನು ಹಿರಿಯ ವಾಚಕರು ಮರೆತಿರಲಾರರು. ಆದ್ದರಿಂದ ಒಂದು ನೋಟುಪುಸ್ತಕದಲ್ಲಿ ವಸ್ತು, ಕಂಪನಿ, ಮಾಡೆಲ್, ಕ್ರಮಸಂಖ್ಯೆ, ಕೊಂಡ ದಿನಾಂಕ, ಅಂಗಡಿ, ಬೆಲೆ, ವಾರಂಟಿಯ ಅವಧಿ ಎಂದು ಎಂಟು ಕಲಮುಗಳನ್ನು ಎಳೆದು ಬರೆಯಿರಿ. ಅದರ ಒಂದು ಪ್ರತಿ ಊರಿನ ಮನೆಯಲ್ಲಿಯೋ ಅಣ್ಣತಮ್ಮಂದಿರಲ್ಲಿಯೋ ಇರಲಿ. ರಸೀತಿಯ ಅಕ್ಷರ ಕಾಲಕ್ರಮದಲ್ಲಿ ಅಳಿಸಿಹೋಗುವುದರಿಂದ ಅದರ ನಕಲನ್ನೂ ತೆಗೆದಿಡಿ. ಪೆಟ್ಟಿಗೆಯನ್ನು ರದ್ದಿಗೆ ಹಾಕುವಾಗ ಸಂಖ್ಯೆಯ ಚೀಟಿಯನ್ನು ಹರಿದು ತೆಗೆಯಿರಿ. ಅಪರಿಚಿತರಿಗೆ ಅದನ್ನು ತೋರಿಸಬೇಡಿ.

ಕೊನೆಯದಾಗಿ ಒಂದು ಮಾತು. ಕೈಯಿಂದ ಜಾರಿದ ಫೋನಿನ ಹಿಂದೆ ಚಲಿಸುವ ಗಾಡಿಯಿಂದ ಧುಮುಕಿ ಕಾಲು ಕಳೆದುಕೊಂಡವರು ಈ ನಗರದಲ್ಲಿದ್ದಾರೆ. ಪ್ರಾಣ ತೆತ್ತವರೂ ಉಂಟು. ಆ ಸಂಜೆ ನಾನೂ ಒಂದು ಹೆಜ್ಜೆ ಮುಂದಿಟ್ಟಿದ್ದೆ. ಹಿಂದಿನಿಂದ ಯಾರೋ ಸಹಪ್ರಯಾಣಿಕರು ನನ್ನ ಚೀಲದ ಪಟ್ಟಿ ಹಿಡಿದೆಳೆದರು. ಅವರ ಮುಖವನ್ನೂ ನಾನು ಸರಿಯಾಗಿ ನೋಡಲಿಲ್ಲ. ಸಂಖ್ಯೆ ಮನೆಯ ಪುಸ್ತಕದಲ್ಲಿದೆಯೆಂಬ ಧೈರ್ಯವಿದ್ದವನಿಗೆ, ಬಿದ್ದದ್ದನ್ನು ಬಿದ್ದಲ್ಲಿಯೇ ಬಿಟ್ಟು ಮನೆಗೆ ಮರಳುವುದು ಸ್ವಲ್ಪವಾದರೂ ಸುಲಭವಾದೀತು. ಈ ಭಾನುವಾರ ಒಂದು ಗಂಟೆಯ ಬಿಡುವು ಮಾಡಿಕೊಂಡು ಆ ಪುಸ್ತಕವನ್ನು ಬರೆದು ಮುಗಿಸಿರೆಂದು ವಾಚಕ ಬಂಧುಗಳಲ್ಲಿ ವಿನಂತಿ.