ಕಸ್ತೂರಿ ಅರಿಶಿನದ ಬೇಸಾಯವೂ ಬಂಗಿನ ಲೇಪವೂ

ಮುಖದ ಮೇಲೆ ಕಂದುಬಣ್ಣದ ಬಂಗು ಕಾಣಿಸಿಕೊಂಡರೆ ಕಸ್ತೂರಿ ಅರಿಶಿನವನ್ನು ತೇಯ್ದು ಹಚ್ಚುವ ರೂಢಿಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಇರುವುದಷ್ಟೆ. ಈಗ ಇದರ ಪುಡಿಯನ್ನೂ ಲೇಪಗಳನ್ನೂ ಮಾರುವವರು ಹೆಚ್ಚಿರುವುದರಿಂದ, ಇದನ್ನು ಬೆಳೆದು ಸಿದ್ಧವಸ್ತುವಾಗಿಯೇ ಮಾರಬಹುದೇ ಎಂದು ಕೆಲವು ಜಮೀನುದಾರರು ವಿಚಾರಿಸುತ್ತಿದ್ದಾರೆ. ಬೆಳೆಯಬಹುದು. ಆದರೆ ಬಿತ್ತನೆಗೆ ತರುವ ಗೆಡ್ಡೆಯು ಯಾವುದೆಂಬುದನ್ನು ಮೊದಲು ನಿಷ್ಕರ್ಷೆ ಮಾಡಿಕೊಳ್ಳತಕ್ಕದ್ದು.

ಪೇಟೆಯಲ್ಲಿ ಈ ಹೆಸರಿನಿಂದ ಸಿಕ್ಕುವ ಪುಡಿಯು ಎಷ್ಟೋ ವೇಳೆ ಕಚೋರದ ಜಾತಿಯ ಬೇರೊಂದು ಗೆಡ್ಡೆಯದು. ನಿಜವಾದ ಕಸ್ತೂರಿ ಅರಿಶಿನವನ್ನು (ಕುರ್ಕುಮಾ ಆರೊಮ್ಯಾಟಿಕಾ) ಮುರಿದು ನೋಡಿದರೆ ಒಳಭಾಗವು ಕೆನೆಯಂತೆ ನಸುಹಳದಿಯಾಗಿರುವುದು, ಕರ್ಪೂರದಂತಹ ವಾಸನೆಯುಂಟು. ಗಾಢವಾದ ಹಳದಿಯನ್ನು ಕಂಡು "ಒಳ್ಳೆಯ ಮಾಲು" ಎಂದು ಕೊಳ್ಳುವವರು ಮೋಸಹೋಗುವರು. ಇಡೀ ಗೆಡ್ಡೆಯನ್ನೇ ಕೊಳ್ಳಿರಿ, ಪುಡಿಯನ್ನು ನಂಬಬೇಡಿರಿ.

ಬೇಸಾಯವು ಸಾಧಾರಣ ಅರಿಶಿನದಂತೆಯೇ. ಮುಂಗಾರಿನ ಆರಂಭದಲ್ಲಿ ಏರುಮಡಿಗಳಲ್ಲಿ ಕೊಟ್ಟಿಗೆ ಗೊಬ್ಬರ ಹಾಕಿ ನಾಟಿ ಮಾಡಬೇಕು. ನೀರು ನಿಂತರೆ ಗೆಡ್ಡೆಯು ಕೊಳೆಯುವುದು. ಎಲೆಗಳು ಒಣಗಿದ ಮೇಲೆ ಅಗೆಯಬಹುದು. ಅಡಿಗೆಯ ಅರಿಶಿನದಂತೆ ಇದನ್ನು ಬೇಯಿಸಕೂಡದು. ಸುವಾಸನೆಯ ತೈಲವು ಹಾರಿಹೋಗುವುದು. ತೆಳ್ಳಗೆ ಹೆಚ್ಚಿ, ನೆರಳಿನಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿಡಬೇಕು. ಪೂರ್ತಿ ಒಣಗದ ಹೋಳಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಮುಖಕ್ಕೆ ಹಚ್ಚುವ ಪದಾರ್ಥಕ್ಕೆ ಸೇರಿಸಬಾರದು.

ಲೇಪವನ್ನು ತಯಾರಿಸುವವರ ಜವಾಬ್ದಾರಿ ಇನ್ನೂ ದೊಡ್ಡದು. ಈ ಗೆಡ್ಡೆಯಿಂದ ಬಂಗು ನಿಶ್ಶೇಷವಾಗಿ ಹೋಗುವುದೆಂಬುದು ಸಿದ್ಧಪಟ್ಟ ವಿಷಯವಲ್ಲ. ಬಿಸಿಲೇ ಬಂಗನ್ನು ಉಲ್ಬಣಗೊಳಿಸುವುದರಿಂದ, ಹೊಲದಲ್ಲಿ ದುಡಿಯುವ ಹೆಂಗಸಿಗೆ ನೆರಳು, ಸೆರಗುಗಳಿಲ್ಲದೆ ಯಾವ ಲೇಪವೂ ಫಲಿಸದು. ಲೇಪಕ್ಕೆ ನಿಂಬೆಯ ರಸವನ್ನು ಬೆರೆಸುವುದು ಕೆಟ್ಟ ರೂಢಿ: ರಸ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ಮತ್ತಷ್ಟು ಕಪ್ಪಾಗುವುದು. ಬಿಳುಪು ಕಲೆಗಳಿಗೆಂದು ಬಳಸುವ ಬಾವಂಚಿ ಬೀಜಕ್ಕೂ ಇದೇ ಗುಣವಿದೆ. ವೈದ್ಯರ ಮೇಲ್ವಿಚಾರಣೆ ಇಲ್ಲದೆ ಅದನ್ನು ಮುಟ್ಟಕೂಡದು. ಬೇಗ ಬಿಳುಪು ಬರಲೆಂದು ಪಾದರಸವನ್ನಾಗಲಿ ಸ್ಟೀರಾಯ್ಡ್ ಮುಲಾಮನ್ನಾಗಲಿ ಸೇರಿಸುವವರು ಕೊಳ್ಳುವವರ ದೇಹಕ್ಕೆ ಹಾನಿ ಮಾಡುವವರೇ ಸರಿ.

ಸ್ಪರ್ಶಜ್ಞಾನವಿಲ್ಲದ ಮಚ್ಚೆಯು ಕುಷ್ಠದ ಲಕ್ಷಣವಾಗಿರಬಹುದು. ಅಂತಹವರು ಗ್ರಾಮದಲ್ಲಿ ಕಂಡುಬಂದರೆ ಮುಖಂಡರು ಲೇಪವನ್ನು ಸೂಚಿಸದೆ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಔಷಧವು ಅಲ್ಲಿ ಧರ್ಮಾರ್ಥವಾಗಿ ದೊರೆಯುತ್ತದೆ.

ಹಸಿ ಗೆಡ್ಡೆಯನ್ನಾಗಲಿ ಒಣಗಿದ ಹೋಳನ್ನಾಗಲಿ ಬೆಳೆಯಾಗಿ ಮಾರುವುದು ಬೇರೆ, ಸೌಂದರ್ಯವರ್ಧಕ ಲೇಪವನ್ನು ತಯಾರಿಸಿ ಮಾರುವುದು ಬೇರೆ. ಎರಡನೆಯದಕ್ಕೆ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯಂತೆ ಲೈಸೆನ್ಸು ಬೇಕು. ಮೊದಲ ವರ್ಷ ನಾಲ್ಕು ಮಡಿಗಳಷ್ಟು ಬೆಳೆದು, ಕೊಳ್ಳುವವರನ್ನು ಗೊತ್ತುಮಾಡಿಕೊಂಡು, ಅನಂತರ ವಿಸ್ತರಿಸುವುದು ಲೇಸು.