ಕ್ರಿಪ್ಟೊ: ತೆರಿಗೆ ಉಂಟು, ಖಾತರಿ ಇಲ್ಲ

2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯು ಕ್ರಿಪ್ಟೊ ಕರೆನ್ಸಿಯನ್ನು, ಅಂದರೆ ಯಾವ ಸರ್ಕಾರದ ಖಾತರಿಯೂ ಇಲ್ಲದೆ ಕಂಪ್ಯೂಟರ್ ಜಾಲದ ಸಾರ್ವಜನಿಕ ಲೆಕ್ಕಪುಸ್ತಕವನ್ನೇ ನೆಚ್ಚಿಕೊಂಡ ಡಿಜಿಟಲ್ ಆಸ್ತಿಯನ್ನು, ನಿಷೇಧಿಸಲಿಲ್ಲ. ಅದರ ವಹಿವಾಟು ನಡೆಸುವವರಿಗೆ ಸೇವೆ ಒದಗಿಸದಂತೆ ಬ್ಯಾಂಕುಗಳನ್ನಷ್ಟೇ ತಡೆಯಿತು. ಹೀಗೆ ಬ್ಯಾಂಕಿನ ದಾರಿ ಮುಚ್ಚಿದಾಗ, ಕ್ರಿಪ್ಟೊ ವಿನಿಮಯ ಕೇಂದ್ರದ ಖಾತೆಗೆ ನಗದು ತುಂಬುವ ಮತ್ತು ಅದರಿಂದ ನಗದು ತೆಗೆಯುವ ಯಂತ್ರವೊಂದನ್ನು ಬೆಂಗಳೂರಿನ ಮಾಲ್ ಒಂದರಲ್ಲಿ ನಿಲ್ಲಿಸಲಾಯಿತಾದರೂ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಪೊಲೀಸರು ಅದನ್ನು ವಶಪಡಿಸಿಕೊಂಡರು. ಬ್ಯಾಂಕುಗಳಿಗೆ ಹಾನಿಯಾಗಿದೆಯೆಂದು ತೋರಿಸದೆ ರಿಸರ್ವ್ ಬ್ಯಾಂಕ್ ಕೈಗೊಂಡ ಕ್ರಮ ಮಿತಿಮೀರಿದ್ದೆಂದು ಹೇಳಿ, ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಸುತ್ತೋಲೆಯನ್ನು ರದ್ದುಪಡಿಸಿತು.

2022ರಲ್ಲಿ ಕ್ರಿಪ್ಟೊ ಲಾಭದ ಮೇಲೆ ಶೇ 30ರಷ್ಟು ತೆರಿಗೆ ಬಂತು. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯಲು ಅವಕಾಶ ಕೊಡದಿರುವುದು ಈ ವ್ಯವಸ್ಥೆಯ ಅತ್ಯಂತ ಬಿಗಿಯಾದ, ಬಹುಶಃ ನ್ಯಾಯಸಮ್ಮತವಲ್ಲದ, ಅಂಶ. 2023ರ ಮಾರ್ಚ್‌ನಲ್ಲಿ ವಿನಿಮಯ ಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಸೇರಿ, ಗ್ರಾಹಕರ ಗುರುತು ದೃಢಪಡಿಸುವ ಮತ್ತು ಶಂಕಾಸ್ಪದ ವಹಿವಾಟನ್ನು ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸುವ ಹೊಣೆ ಹೊತ್ತವು.

ಗ್ರಾಹಕರ ಪರವಾಗಿ ನಾಣ್ಯದ ಗುಪ್ತ ಕೀಲಿಯನ್ನು, ಅಂದರೆ ಅದನ್ನು ವರ್ಗಾಯಿಸಲು ಬೇಕಾದ ರಹಸ್ಯ ಸಂಕೇತವನ್ನು, ಕಾಯುವ ಸೇವೆಗಳೂ ಈಗ ಬೆಳೆದಿವೆ. ಆದರೆ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿಯೆಂದರೆ ಸುರಕ್ಷತೆಯ ಪ್ರಮಾಣಪತ್ರವಲ್ಲ, ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂಪಾಯಿಯವರೆಗಿನ ವಿಮೆಯೂ ಈ ನಾಣ್ಯಗಳಿಗೆ ಅನ್ವಯಿಸುವುದಿಲ್ಲ.