ತುರಿಕೆ ನಿಂತರೆ ಸೋಂಕು ಹೋದಂತಲ್ಲ

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಡಾಕ್ಟರ್ ಅಲ್ಲ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಇರುವ ನಮ್ಮ ಸಂಬಂಧದ ತಂಗಿಯರು ಮುಲಾಮಿನ ಫೋಟೋ ಕಳಿಸಿ ಕೇಳ್ತಾರೆ: “ಅಕ್ಕಾ, ಅಲ್ಲಿ ಭಾಳ ತುರಸ್ತೈತಿ. ಇದನ್ನ ಹಚ್ಕೊಂಡ್ರ ನಡೀತೈತೇನು?”

ತೊಂದರೆ ಇರೋದು ಆ ‘ಅಲ್ಲಿ’ ಅನ್ನೋ ಮಾತಿನಲ್ಲೇ. ಹೆಂಡತಿ ಗಂಡನಿಗೆ ‘ತುರಿಕಿ’ ಅಂತಾಳೆ. ಗಂಡ ಮೆಡಿಕಲ್‌ನಲ್ಲಿ ‘ತುರಿಕಿ ಮುಲಾಮು’ ಕೇಳ್ತಾನೆ. ಎಲ್ಲಿ ತುರಿಕೆ ಅನ್ನೋದು ದಾರಿಯಲ್ಲೇ ಕಳೆದುಹೋಗುತ್ತೆ. ಅಂಗಡಿಯವರು ಗಜಕರ್ಣಕ್ಕೆ ಕೊಡೋ ಟ್ಯೂಬ್ ಕೊಟ್ಟು ಕಳಿಸ್ತಾರೆ.

ಇಂಥ ಎಷ್ಟೋ ಟ್ಯೂಬ್‌ಗಳಲ್ಲಿ ಶಿಲೀಂಧ್ರದ ಔಷಧದ ಜೊತೆಗೆ ಸ್ಟಿರಾಯ್ಡ್ ಕೂಡ ಇರುತ್ತೆ. ಕ್ಲೋಬೆಟಾಸಾಲ್, ಬೆಕ್ಲೋಮೆಥಾಸೋನ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ. ಸ್ಟಿರಾಯ್ಡ್ ಉರಿ, ತುರಿಕೆಯನ್ನು ಬೇಗ ಅಡಗಿಸುತ್ತೆ, ಆದರೆ ಶಿಲೀಂಧ್ರವನ್ನು ಕೊಲ್ಲಲ್ಲ. ಬಗ್ ಸರಿಮಾಡದೆ ಎರರ್ ಮೆಸೇಜ್ ಮಾತ್ರ ಮುಚ್ಚಿಟ್ಟ ಹಾಗೆ. ಮೇಲಿಂದ ಮೇಲೆ ಹಚ್ಚಿದರೆ ಆ ನಾಜೂಕಾದ ಚರ್ಮ ತೆಳುವಾಗುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ.

ಹಾಗಾದರೆ ಸರಿಯಾದ ಔಷಧ ಯಾವುದು? ಕ್ಯಾಂಡಿಡಾ ಅನ್ನೋ ಶಿಲೀಂಧ್ರ ನಮ್ಮ ಮೈಯಲ್ಲಿ ಸ್ವಲ್ಪ ಇದ್ದೇ ಇರುತ್ತೆ. ಆಂಟಿಬಯೋಟಿಕ್ ತಗೊಂಡಾಗ, ಗರ್ಭಿಣಿಯಾದಾಗ, ಶುಗರ್ ಹಿಡಿತದಲ್ಲಿ ಇಲ್ಲದಾಗ ಅದು ಹೆಚ್ಚಾಗುತ್ತೆ. ಆಗ ತುರಿಕೆ, ಉರಿ, ಒಡೆದ ಮೊಸರಿನಂಥ ಗಟ್ಟಿ ಬಿಳಿ ಸ್ರಾವ ಶುರುವಾಗುತ್ತೆ. ಸಾಮಾನ್ಯವಾಗಿ ಕೆಟ್ಟ ವಾಸನೆ ಇರಲ್ಲ. ಇದಕ್ಕೆ ಕೊಡೋದು ಕ್ಲೋಟ್ರಿಮಾಝೋಲ್. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದು ಇದೆ.

ಯೋನಿಯೊಳಗೆ ಇಡೋ ಮಾತ್ರೆ 100 ಮಿ.ಗ್ರಾಂನದಾದರೆ 6-7 ರಾತ್ರಿ, 200ರದಾದರೆ 3 ರಾತ್ರಿ, 500ರದಾದರೆ ಒಂದೇ ರಾತ್ರಿ. ಮಲಗುವ ಮುಂಚೆ ಇಟ್ಟುಕೊಳ್ಳಬೇಕು. ಇದು ನುಂಗೋ ಮಾತ್ರೆ ಅಲ್ಲ. ಹೊರಗಿನ ತುರಿಕೆಗೆ ಕ್ರೀಮ್ ಇದೆ, ಆದರೆ ಅದನ್ನಷ್ಟೇ ಹಚ್ಚಿದರೆ ಒಳಗಿನ ಸೋಂಕು ಉಳಿದುಬಿಡುತ್ತೆ. ಎರಡನೇ ದಿನವೇ ಆರಾಮ ಅನ್ನಿಸಿದರೂ ಕೋರ್ಸ್ ಮುಗಿಸಿ. ಈ ಔಷಧದಿಂದ ಕಾಂಡೋಮ್ ದುರ್ಬಲವಾಗಬಹುದು, ಅದೂ ನೆನಪಿರಲಿ.

ಬಿಳಿ ಸೆರಗೆಲ್ಲ ಶಿಲೀಂಧ್ರದಿಂದಲೇ ಆಗಲ್ಲ. ಮೀನಿನಂಥ ವಾಸನೆಯ ಬೂದು ಸ್ರಾವ ಬ್ಯಾಕ್ಟೀರಿಯಾದಿಂದ ಇರಬಹುದು, ಹಳದಿ-ಹಸಿರು ನೊರೆ ಬೇರೆ ಸೋಂಕಿನ ಗುರುತು ಇರಬಹುದು. ಅವಕ್ಕೆ ಕ್ಲೋಟ್ರಿಮಾಝೋಲ್ ಸಾಕಾಗಲ್ಲ. ಹಾಗಾಗಿ ಮೊದಲ ಸಲವಾದರೆ, ಗರ್ಭಿಣಿಯಾಗಿದ್ದರೆ, ಜ್ವರ, ಕಿಬ್ಬೊಟ್ಟೆ ನೋವು ಅಥವಾ ರಕ್ತ ಕಂಡರೆ, ವಾರದಲ್ಲಿ ಕಡಿಮೆಯಾಗದಿದ್ದರೆ, ವರ್ಷಕ್ಕೆ 3-4 ಸಲ ಬಂದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪದೇಪದೇ ಬರ್ತಿದ್ದರೆ ಶುಗರ್ ಟೆಸ್ಟ್ ಮಾಡಿಸಿ. ಗರ್ಭಿಣಿಯರು ಫ್ಲುಕೊನಝೋಲ್ ಗುಳಿಗೆಯನ್ನು ತಾವಾಗಿ ನುಂಗಲೇಬಾರದು. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆಯೋದೂ ಬೇಡ.

ಇನ್ನೊಂದು ಮಾತನ್ನ ಮನೆಯ ಗಂಡಸರೂ ಓದಲಿ. ಕ್ಯಾಂಡಿಡಾ ಬಂದ ಮಾತ್ರಕ್ಕೆ ಯಾರ ನಡತೆಯ ಮೇಲೂ ಸಂಶಯ ಪಡಬೇಕಾಗಿಲ್ಲ. ಇದನ್ನು ಲೈಂಗಿಕ ರೋಗ ಅಂತ ಎಣಿಸಲ್ಲ. ಮದುವೆಯಾಗದ ಹುಡುಗಿಯರಿಗೂ ಬರುತ್ತೆ. ಗಂಡನಿಗೆ ತುರಿಕೆ, ಕೆಂಪು ಇಲ್ಲದಿದ್ದರೆ ಸಾಮಾನ್ಯವಾಗಿ ಅವನಿಗೆ ಔಷಧ ಬೇಕಿಲ್ಲ.

ಬಾಯಿಬಿಟ್ಟು ಹೇಳೋಕೆ ನಾಚಿಕೆ ಆದರೆ ಫೋನಿನಲ್ಲಿ ಟೈಪ್ ಮಾಡಿ ಡಾಕ್ಟರಿಗೋ ನರ್ಸಮ್ಮನಿಗೋ ಆಶಾ ಅಕ್ಕನಿಗೋ ತೋರಿಸಿ: “ಯೋನಿಯಲ್ಲಿ ತುರಿಕೆ, ಇಷ್ಟು ದಿನದಿಂದ, ಸ್ರಾವ ಹೀಗಿದೆ.” ಮೆಡಿಕಲ್‌ಗೆ ಯಾರೇ ಹೋಗಲಿ, ಡಾಕ್ಟರ್ ಬರೆದ ಚೀಟಿ ಅವರ ಕೈಯಲ್ಲಿರಲಿ.